ಹೈಡಾಟಿಡ್ ಆಪರೇಷನ್ ಆದ ಮೇಲೆ: ಜನರಾಡುವ ಮಾತು, ಇರುವ ನಿಜ

ಲಿವರ್‌ನಲ್ಲಿ ಹುಳುವಿನಿಂದ ಬೆಳೆಯುವ ನೀರ್ಗುಳ್ಳೆಗೆ ವೈದ್ಯರು ಹೈಡಾಟಿಡ್ ಸಿಸ್ಟ್ ಎನ್ನುತ್ತಾರೆ. ಎಕಿನೊಕಾಕಸ್ ಗ್ರ್ಯಾನ್ಯುಲೋಸಸ್ ಎಂಬ, ಒಂದು ಸೆಂಟಿಮೀಟರ್ ಕೂಡ ಉದ್ದವಿಲ್ಲದ ಲಾಡಿಹುಳು ಇದರ ಮೂಲ. ಅದು ವಾಸಿಸುವುದು ನಾಯಿಯ ಕರುಳಿನಲ್ಲಿ. ಮೊಟ್ಟೆಗಳು ನಾಯಿಯ ಮಲದೊಂದಿಗೆ ಹೊರಬಿದ್ದು ಹುಲ್ಲಿನ ಮೂಲಕ ಕುರಿ, ಮೇಕೆ, ದನಗಳ ಹೊಟ್ಟೆ ಸೇರುತ್ತವೆ. ಕೈ, ನೀರು, ತೊಳೆಯದ ಸೊಪ್ಪುಗಳ ಮೂಲಕ ಮನುಷ್ಯರ ಹೊಟ್ಟೆಗೂ ಹೋಗುತ್ತವೆ. ಕರುಳಿನ ಗೋಡೆ ದಾಟಿದ ಮರಿಹುಳು ರಕ್ತದ ಹರಿವಿನಲ್ಲಿ ಮೊದಲು ತಲುಪುವುದು ಲಿವರ್‌ಗೆ. ಹಾಗಾಗಿ ಈ ಗಡ್ಡೆಗಳಲ್ಲಿ ಶೇಕಡಾ 70ರಷ್ಟು ಅಲ್ಲೇ ಬೆಳೆಯುತ್ತವೆ, ಶೇಕಡಾ 20ರಷ್ಟು ಶ್ವಾಸಕೋಶದಲ್ಲಿ. ಕುರಿಯೂ ನಾಯಿಯೂ ಜೊತೆಗಿರುವ ನಾಡುಗಳಲ್ಲೆಲ್ಲ ಈ ರೋಗವಿದೆ: ಟರ್ಕಿ, ಇರಾನ್, ಪೆರು, ಅರ್ಜೆಂಟೀನಾ, ಕಾಶ್ಮೀರ, ಆಂಧ್ರ, ತಮಿಳುನಾಡು. ನಮ್ಮ ಕುರಿಹಟ್ಟಿಗಳೂ ಇದಕ್ಕೆ ಹೊರತಲ್ಲ.

ಆಪರೇಷನ್ನಿಗೆ ಮುಂಚೆ ಮನೆಮಂದಿಯೆಲ್ಲ ಸೇರಿ ವೈದ್ಯರನ್ನು ನೂರು ಪ್ರಶ್ನೆ ಕೇಳುತ್ತಾರೆ. ಆಪರೇಷನ್ ಮುಗಿದು ರೋಗಿ ವಾರ್ಡಿಗೆ ಬಂದ ಮೇಲೆ ಪ್ರಶ್ನೆಗಳು ನಿಲ್ಲುತ್ತವೆ. ಪಕ್ಕದ ಮಂಚದವರು, ನೋಡಲು ಬಂದ ನೆಂಟರು ಹೇಳಿದ್ದೇ ಉತ್ತರವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಕೊಡುವ ಲೆಕ್ಕದಂತೆ ಈ ರೋಗದ ಶಸ್ತ್ರಚಿಕಿತ್ಸೆಯ ನಂತರ ಸಾಯುವವರು ಸರಾಸರಿ ಶೇಕಡಾ 2.2, ಚಿಕಿತ್ಸೆಯಾದ ಮೇಲೆ ರೋಗ ಮರುಕಳಿಸುವುದು ಸುಮಾರು ಶೇಕಡಾ 6.5. ಅಂದರೆ ಬಹುಪಾಲು ಜನ ಚೆನ್ನಾಗಿಯೇ ಆಗುತ್ತಾರೆ. ಆದರೆ ಚೆನ್ನಾಗುವ ಹಾದಿಯಲ್ಲಿ ತೊಡಕುಗಳು ಬರುತ್ತವೆ. ಅವನ್ನು ಬೇಗ ಗುರುತಿಸಿದರೆ ಹೆಚ್ಚಿನವಕ್ಕೆ ಪರಿಹಾರವಿದೆ. ಗುರುತಿಸದಂತೆ ನಮ್ಮನ್ನು ತಡೆಯುವ ಕೆಲವು ನಂಬಿಕೆಗಳನ್ನು ಇಲ್ಲಿ ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: “ಗಡ್ಡೆ ತೆಗೆದಾಯಿತು, ರೋಗ ಬುಡಸಮೇತ ಹೋಯಿತು.”

ವಾಸ್ತವ: ಅದು ಯಾವ ಆಪರೇಷನ್ ಆಯಿತು ಎಂಬುದನ್ನು ಅವಲಂಬಿಸಿದೆ. ಹೈಡಾಟಿಡ್ ಗಡ್ಡೆಗೆ ಮೂರು ಪದರ. ಒಳಗಿನ ಎರಡು ಹುಳುವಿನವು. ಹೊರಗಿನದು ಹುಳುವನ್ನು ಬೇರ್ಪಡಿಸಲು ನಮ್ಮ ಲಿವರ್ ತಾನೇ ಕಟ್ಟಿಕೊಂಡ ನಾರುಗೋಡೆ. ಒಂದು ವಿಧಾನದಲ್ಲಿ ಒಳಗಿನ ನೀರನ್ನು ಹೀರಿ ತೆಗೆದು, ಹುಳುವಿನ ಪದರವನ್ನು ಬಿಡಿಸಿ, ಹೊರಗೋಡೆಯ ಮೇಲ್ಭಾಗವನ್ನಷ್ಟೇ ಕತ್ತರಿಸುತ್ತಾರೆ. ತಳದ ಗೋಡೆ ದೊಡ್ಡ ರಕ್ತನಾಳಗಳಿಗೆ ಅಂಟಿಕೊಂಡಿದ್ದರೆ ಅದನ್ನು ಮುಟ್ಟದಿರುವುದೇ ಜಾಣತನ. ಇನ್ನೊಂದು ವಿಧಾನದಲ್ಲಿ ಹೊರಗೋಡೆ ಸಮೇತ ಇಡೀ ಗಡ್ಡೆಯನ್ನೋ ಲಿವರ್‌ನ ಆ ಭಾಗವನ್ನೋ ತೆಗೆಯುತ್ತಾರೆ. ಮೊದಲನೆಯದು ಹಗುರವಾದ ಆಪರೇಷನ್, ಆದರೆ ಪಿತ್ತ ಸೋರುವುದು, ಖಾಲಿ ಜಾಗದಲ್ಲಿ ಕೀವಾಗುವುದು, ಗಡ್ಡೆ ಮರಳುವುದು ಅದರಲ್ಲಿ ಹೆಚ್ಚು. ಎರಡನೆಯದರಲ್ಲಿ ಇವು ಕಡಿಮೆ, ಆದರೆ ಆಪರೇಷನ್ನೇ ದೊಡ್ಡದು, ರಕ್ತಸ್ರಾವದ ಭಯ ಹೆಚ್ಚು. ಯಾರಿಗೆ ಯಾವುದು ಎಂಬುದನ್ನು ಗಡ್ಡೆ ಇರುವ ಜಾಗ, ಗಾತ್ರ, ಹಂತ ನೋಡಿ ಸರ್ಜನ್ ತೀರ್ಮಾನಿಸುತ್ತಾರೆ.

ಗಡ್ಡೆಯೊಳಗಿನ ನೀರಿನಲ್ಲಿ ಬರಿಗಣ್ಣಿಗೆ ಬಿಡಿಬಿಡಿಯಾಗಿ ಕಾಣದ ಸಾವಿರಾರು ಎಳೆಹುಳುತಲೆಗಳು ತೇಲುತ್ತಿರುತ್ತವೆ. ಹೊಟ್ಟೆಯೊಳಗೆ ಬಿದ್ದರೆ ಒಂದೊಂದೂ ಹೊಸ ಗಡ್ಡೆಯಾಗಬಲ್ಲದು. ಅದಕ್ಕಾಗಿ ಗಡ್ಡೆಯ ಸುತ್ತ ಗಾಢ ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆಗಳನ್ನಿಟ್ಟೇ ಸರ್ಜನ್ ಅದನ್ನು ತೆರೆಯುತ್ತಾರೆ. ಇಷ್ಟು ಎಚ್ಚರ ವಹಿಸಿದರೂ ಒಂದು ಹನಿ ತಪ್ಪಿ ಬೀಳಬಹುದು. ಆದ್ದರಿಂದ ಮನೆಗೆ ಹೊರಡುವ ಮುನ್ನ ನಾಲ್ಕು ವಿಷಯ ಕೇಳಿಕೊಳ್ಳಿ: ಹೊರಗೋಡೆ ಪೂರ್ತಿ ತೆಗೆದಿರಾ, ಉಳಿಸಿದ್ದೀರಾ? ಒಳಗಿನ ನೀರು ಚೆಲ್ಲಿತೇ? ಗಡ್ಡೆಗೂ ಪಿತ್ತನಾಳಕ್ಕೂ ದಾರಿ ಕಂಡಿತೇ? ಪಿತ್ತನಾಳದಲ್ಲಿ ಸ್ಟೆಂಟ್ (ಸಣ್ಣ ಕೊಳವೆ) ಹಾಕಿದ್ದರೆ ಯಾವಾಗ ತೆಗೆಸಬೇಕು? ಇವೆಲ್ಲ ಡಿಸ್ಚಾರ್ಜ್ ಪತ್ರದಲ್ಲಿ ಬರೆದಿರಬೇಕು. ಆ ಕಾಗದವನ್ನು ಪಹಣಿಯಷ್ಟೇ ಜೋಪಾನವಾಗಿಡಿ. ಮುಂದೆ ಬೇರೆ ಊರಿನ ಆಸ್ಪತ್ರೆಗೆ ಹೋದಾಗ ಅಲ್ಲಿನ ವೈದ್ಯರಿಗೆ ಎಲ್ಲಕ್ಕಿಂತ ಹೆಚ್ಚು ನೆರವಾಗುವುದು ಅದೇ.

ತಪ್ಪು ಕಲ್ಪನೆ: “ಪೈಪಿನಲ್ಲಿ ಹಸಿರು-ಹಳದಿ ನೀರು ಬಂತೆಂದರೆ ಡಾಕ್ಟರು ಪಿತ್ತನಾಳ ಕತ್ತರಿಸಿಬಿಟ್ಟಿದ್ದಾರೆ.”

ವಾಸ್ತವ: ವಾರ್ಡಿನಲ್ಲಿ ಅತಿ ಹೆಚ್ಚು ಕಣ್ಣೀರು, ಅತಿ ಹೆಚ್ಚು ಜಗಳ ಆಗುವುದು ಈ ಹಸಿರು ಬಣ್ಣದ ಕಾರಣಕ್ಕೆ. ಹಾಗಾಗಿ ಇದನ್ನು ತುಸು ವಿವರವಾಗಿ ಹೇಳಬೇಕು. ಗಡ್ಡೆ ವರ್ಷಗಟ್ಟಲೆ ಬೆಳೆಯುತ್ತ ಸುತ್ತಲಿನ ಸಣ್ಣ ಪಿತ್ತನಾಳಗಳನ್ನು ಒತ್ತುತ್ತದೆ, ಕೆಲವನ್ನು ತನ್ನ ಗೋಡೆಯೊಳಗೇ ಸೇರಿಸಿಕೊಳ್ಳುತ್ತದೆ. ಒತ್ತಡದಿಂದ ಆ ನಾಳಗಳ ಗೋಡೆ ಸವೆದು ತೂತಾಗುತ್ತದೆ. ಆದರೂ ಗಡ್ಡೆಯೊಳಗಿನ ನೀರಿನ ಒತ್ತಡ ಪಿತ್ತನಾಳದ ಒತ್ತಡಕ್ಕಿಂತ ಹೆಚ್ಚಿರುವುದರಿಂದ ಪಿತ್ತ ಒಳನುಗ್ಗುವುದಿಲ್ಲ. ಆಪರೇಷನ್ನಿಗೆ ಮುಂಚಿನ ಸ್ಕ್ಯಾನ್‌ನಲ್ಲಿ ಆ ತೂತುಗಳು ಕಾಣದೇ ಹೋಗಬಹುದು. ನೀರು ಖಾಲಿಯಾದ ಕೂಡಲೇ ಒತ್ತಡ ಇಳಿಯುತ್ತದೆ, ಅಷ್ಟು ದಿನ ಅಮುಕಿಕೊಂಡಿದ್ದ ಬಾಯಿಗಳು ತೆರೆದುಕೊಂಡು ಪಿತ್ತ ಜಿನುಗತೊಡಗುತ್ತದೆ. ಗಡ್ಡೆ ದೊಡ್ಡದಿದ್ದಷ್ಟೂ ಈ ಸಾಧ್ಯತೆ ಹೆಚ್ಚು. ಸರ್ಜನ್ ಬಿಳಿ ಬಟ್ಟೆ ಒತ್ತಿಟ್ಟು ಹಳದಿ ಕಲೆ ಎಲ್ಲಿ ಮೂಡುತ್ತದೆಂದು ಹುಡುಕಿ ಸಿಕ್ಕ ತೂತುಗಳಿಗೆ ಹೊಲಿಗೆ ಹಾಕುತ್ತಾರೆ. ಅವತ್ತು ಮುಚ್ಚಿಕೊಂಡಿದ್ದ ತೂತೊಂದು ಎರಡು ದಿನ ಕಳೆದು ತೆರೆದುಕೊಳ್ಳಬಹುದು. ಇದು ಹುಳು ಮಾಡಿದ ಹಾನಿ. ಪ್ರತಿ ಸಲವೂ ಕತ್ತರಿಯ ತಪ್ಪೆಂದು ತಿಳಿಯುವುದು ಅನ್ಯಾಯ.

ಹೊಟ್ಟೆಯಿಂದ ಹೊರಗಿಟ್ಟ ಡ್ರೈನ್ ಪೈಪು ಇಂಥ ಸಂದರ್ಭಕ್ಕೆಂದೇ ಇರುವುದು. ಪಿತ್ತ ಹೊರಬರುತ್ತಿದೆ ಎಂದರೆ ಅಷ್ಟು ಪಿತ್ತ ಹೊಟ್ಟೆಯೊಳಗೆ ಹರಡುತ್ತಿಲ್ಲ ಎಂದೂ ಅರ್ಥ. ಮೂರನೆಯ ದಿನ ಅಥವಾ ಅದರ ನಂತರ ಪೈಪಿನ ದ್ರವದಲ್ಲಿ ಬಿಲಿರುಬಿನ್ ಎಂಬ ಪಿತ್ತದ ಹಳದಿ ಅಂಶ ರಕ್ತದಲ್ಲಿರುವುದಕ್ಕಿಂತ ಮೂರು ಪಟ್ಟು ಅಥವಾ ಹೆಚ್ಚಿದ್ದರೆ ಅದನ್ನು ಪಿತ್ತ ಸೋರಿಕೆ ಎಂದು ಗುರುತಿಸುತ್ತಾರೆ. ಸೋರಿಕೆ ಕಡಿಮೆಯಿದ್ದು, ಜ್ವರವಿಲ್ಲದೆ, ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಕಾಯುವುದೇ ಚಿಕಿತ್ಸೆ. ಹೆಚ್ಚಿನವು ಕೆಲವು ವಾರಗಳಲ್ಲಿ ತಾವೇ ಮುಚ್ಚಿಕೊಳ್ಳುತ್ತವೆ. ದಿನಕ್ಕೆ ನೂರಾರು ಮಿಲಿಲೀಟರ್ ಬರುತ್ತಲೇ ಇದ್ದರೆ, ಇಳಿಯದಿದ್ದರೆ, ಇಆರ್‌ಸಿಪಿ ಮಾಡುತ್ತಾರೆ. ಬಾಯಿಯ ಮೂಲಕ ದುರ್ಬೀನು ಇಳಿಸಿ, ಪಿತ್ತನಾಳ ಕರುಳಿಗೆ ತೆರೆಯುವ ಬಾಯಿಯನ್ನು ಸ್ವಲ್ಪ ಅಗಲ ಮಾಡಿ, ಸ್ಟೆಂಟ್ ಎಂಬ ಸಣ್ಣ ಕೊಳವೆ ಇಡುವ ವಿಧಾನವದು. ಪಿತ್ತಕ್ಕೆ ಕರುಳಿನ ಕಡೆ ಸಲೀಸಾದ ದಾರಿ ಸಿಕ್ಕರೆ ತೂತಿನ ಕಡೆ ಹರಿಯುವುದು ತಗ್ಗುತ್ತದೆ, ತೂತು ಮಾಯುತ್ತದೆ. ಮತ್ತೆ ಹೊಟ್ಟೆ ತೆರೆಯಬೇಕಾಗುವುದು ಕೆಲವರಿಗಷ್ಟೇ.

ತಪ್ಪು ಕಲ್ಪನೆ: “ಸ್ಟೆಂಟ್ ಹಾಕಿದ ಮೇಲೆ ಅದರ ಪಾಡಿಗೆ ಅದು ಇರುತ್ತದೆ.”

ವಾಸ್ತವ: ಪ್ಲಾಸ್ಟಿಕ್ ಸ್ಟೆಂಟ್ ಕೆಲವು ತಿಂಗಳಲ್ಲಿ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡರೆ ಪಿತ್ತನಾಳದಲ್ಲಿ ಸೋಂಕು, ಚಳಿಜ್ವರ, ಕಾಮಾಲೆ. ಹೇಳಿದ ದಿನಕ್ಕೆ ಹೋಗಿ ತೆಗೆಸಲೇಬೇಕು. ನೋವಿಲ್ಲ, ಸುಸ್ತಿಲ್ಲ, ಹೊಲದ ಕೆಲಸವಿದೆ ಎಂದು ಮುಂದೂಡಿ ಮರೆತುಬಿಡುವ ಸಂಗತಿಗಳಲ್ಲಿ ಇದೇ ಮೊದಲನೆಯದು. ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ದೊಡ್ಡದಾಗಿ ಗುರುತು ಹಾಕಿಡಿ.

ತಪ್ಪು ಕಲ್ಪನೆ: “ಪೈಪಿನಲ್ಲಿ ನೀರು ನಿಂತರೆ ವಾಸಿಯಾದಂತೆ.”

ವಾಸ್ತವ: ನಿಧಾನವಾಗಿ ಕಡಿಮೆಯಾಗಿ ನಿಂತರೆ ಹೌದು. ನಿನ್ನೆ 200 ಮಿಲಿ ಬಂದದ್ದು ಇವತ್ತು ಒಮ್ಮೆಲೇ ನಿಂತು, ಹೊಟ್ಟೆ ಬಿಗಿದು, ಜ್ವರ ಏರಿದರೆ ಪೈಪು ಕಟ್ಟಿಕೊಂಡಿದೆ ಅಥವಾ ಸರಿದಿದೆ ಎಂದು ತಿಳಿಯಿರಿ. ಪೈಪಿನೊಂದಿಗೇ ಮನೆಗೆ ಕಳಿಸಿದ್ದರೆ ಪ್ರತಿದಿನ ಒಂದೇ ಹೊತ್ತಿಗೆ ಎಷ್ಟು ಮಿಲಿ ಬಂತು, ಬಣ್ಣ ಹೇಗಿತ್ತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಚೀಲ ಸದಾ ಹೊಟ್ಟೆಯ ಮಟ್ಟಕ್ಕಿಂತ ಕೆಳಗಿರಲಿ. ಪಿತ್ತ ಹೆಚ್ಚು ಸೋರುವವರ ದೇಹದಿಂದ ನೀರಿನ ಜೊತೆ ಉಪ್ಪಿನಂಶವೂ ಹೋಗುತ್ತದೆ. ತಲೆಸುತ್ತು, ವಿಪರೀತ ಸುಸ್ತು ಬಂದರೆ ರಕ್ತಪರೀಕ್ಷೆ ಬೇಕು.

ತಪ್ಪು ಕಲ್ಪನೆ: “ಆಪರೇಷನ್ ಆದ ಮೈಗೆ ಜ್ವರ ಬರುವುದು ಸಹಜ, ಒಂದು ಪ್ಯಾರಸಿಟಮಾಲ್ ಸಾಕು.”

ವಾಸ್ತವ: ಮೊದಲ ಒಂದೆರಡು ದಿನದ ಮೈಬಿಸಿಗೆ ಈ ಮಾತು ಸರಿ. ಮನೆಗೆ ಬಂದು ವಾರವೋ ಹದಿನೈದು ದಿನವೋ ಆದ ಮೇಲೆ ಸಂಜೆ ಹೊತ್ತು ಜ್ವರ, ಬಲ ಪಕ್ಕೆಯ ಕೆಳಗೆ ಭಾರ, ಊಟ ಸೇರದಿರುವುದು ಕಂಡರೆ ಬೇರೆ ಲೆಕ್ಕ. ಗಡ್ಡೆ ತೆಗೆದ ಜಾಗದಲ್ಲಿ ಖಾಲಿ ಗೂಡು ಉಳಿದಿರುತ್ತದೆ. ಸುತ್ತಲಿನ ಗಟ್ಟಿ ಗೋಡೆ ಬೇಗ ಕುಗ್ಗುವುದಿಲ್ಲ. ಅಲ್ಲಿ ಪಿತ್ತವೋ ರಕ್ತವೋ ನಿಂತರೆ ಸೋಂಕು ತಗುಲಿ ಕೀವಾಗುತ್ತದೆ. ಆ ಗೂಡನ್ನು ತುಂಬಲು ಕೆಲವು ಸರ್ಜನ್‌ಗಳು ಹೊಟ್ಟೆಯೊಳಗಿನ ಕೊಬ್ಬಿನ ಪರದೆಯನ್ನೇ ಎಳೆದು ಅದರೊಳಗೆ ಕೂರಿಸಿ ಹೊಲಿಯುತ್ತಾರೆ. ಆ ಪರದೆಗೆ ಒಳ್ಳೆಯ ರಕ್ತಸಂಚಾರವಿರುವುದರಿಂದ ಅದು ದ್ರವವನ್ನು ಹೀರಿಕೊಳ್ಳುತ್ತದೆ, ಸೋಂಕನ್ನೂ ತಡೆಯುತ್ತದೆ. ಹಾಗಿದ್ದೂ ಕೀವಾದರೆ ಅಲ್ಟ್ರಾಸೌಂಡ್ ನೋಡಿಕೊಂಡು ಚರ್ಮದ ಮೂಲಕ ಸಣ್ಣ ಪೈಪು ಇಟ್ಟು ಬಸಿದು, ಆ್ಯಂಟಿಬಯೋಟಿಕ್ ಕೊಟ್ಟರೆ ಬಹುತೇಕ ವಾಸಿಯಾಗುತ್ತದೆ. ಜ್ವರದ ಮಾತ್ರೆ ನುಂಗಿ ದಿನ ತಳ್ಳಿದರೆ ಆ ಕೀವಿನ ನಂಜು ರಕ್ತಕ್ಕೇರುತ್ತದೆ. ಅದೇ ನಿಜವಾದ ಅಪಾಯ.

ಗಡ್ಡೆ ಲಿವರ್‌ನ ಮೇಲ್ಭಾಗದಲ್ಲಿ, ವಪೆಯ ಕೆಳಗೆ ಇದ್ದವರಿಗೆ ಇನ್ನೊಂದು ಮಾತು. ಉಸಿರಾಡುವಾಗ ಬಲ ಎದೆ ಚುಚ್ಚಿದರೆ ಎದೆಯಲ್ಲಿ ನೀರು ತುಂಬಿರಬಹುದು. ಕೆಮ್ಮಿದಾಗ ಕಹಿಯಾದ ಹಳದಿ ಕಫ ಬಂದರೆ ಪಿತ್ತ ಶ್ವಾಸನಾಳಕ್ಕೆ ದಾರಿ ಮಾಡಿಕೊಂಡಿದೆ ಎಂದರ್ಥ. ಅಪರೂಪ, ಆದರೆ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ತಪ್ಪು ಕಲ್ಪನೆ: “ಕಾಮಾಲೆಗೆ ನಾಟಿ ಔಷಧಿಯೇ ಮದ್ದು, ಇಂಗ್ಲಿಷ್ ಔಷಧಿ ನಾಟುವುದಿಲ್ಲ.”

ವಾಸ್ತವ: ನಮ್ಮಲ್ಲಿ ಕಣ್ಣು ಹಳದಿಯಾದರೆ ಮೊದಲು ನೆನಪಾಗುವುದು ಯಾವ ಊರಿನಲ್ಲಿ ಸೊಪ್ಪಿನ ರಸ ಕೊಡುತ್ತಾರೆ ಎಂಬುದು. ವೈರಸ್‌ನಿಂದ ಬರುವ ಕಾಮಾಲೆ ಹಲವು ಸಲ ತಾನಾಗಿ ಇಳಿಯುತ್ತದೆ, ಹೆಸರು ಸೊಪ್ಪಿಗೆ ಬರುತ್ತದೆ. ಹೈಡಾಟಿಡ್ ಆಪರೇಷನ್ ಆದವರ ಕಾಮಾಲೆ ಹೆಚ್ಚಾಗಿ ಆ ಜಾತಿಯದಲ್ಲ. ಗಡ್ಡೆಯೊಳಗಿನ ಮರಿಗುಳ್ಳೆಯೋ ಹರಿದ ಪದರದ ತುಣುಕೋ ಪಿತ್ತನಾಳಕ್ಕಿಳಿದು ಅಡ್ಡ ಕುಳಿತರೆ ಪಿತ್ತ ಹಿಂದಕ್ಕೆ ತುಂಬಿಕೊಳ್ಳುತ್ತದೆ. ಮೂತ್ರ ಕಡು ಬಣ್ಣಕ್ಕೆ ತಿರುಗಿ, ಮಲ ಬಿಳುಚಿಕೊಂಡು, ಮೈಯೆಲ್ಲ ತುರಿಕೆ ಹತ್ತುತ್ತದೆ. ಇದರೊಂದಿಗೆ ನಡುಕ ಬರಿಸುವ ಚಳಿಜ್ವರ ಮತ್ತು ಹೊಟ್ಟೆನೋವು ಸೇರಿದರೆ ನಾಳದಲ್ಲಿ ಸೋಂಕಾಗಿದೆ. ಅಂಥ ರೋಗಿಯ ಪಾಲಿಗೆ ಗಂಟೆಗಳೂ ಮುಖ್ಯ. ಇಆರ್‌ಸಿಪಿ ಮಾಡಿ ಆ ತುಣುಕನ್ನು ತೆಗೆಯದೆ ಯಾವ ರಸ ಕುಡಿದರೂ, ಕೈಗೆ ಯಾವ ಬರೆ ಹಾಕಿಸಿಕೊಂಡರೂ ನಾಳ ತೆರೆಯುವುದಿಲ್ಲ.

ವರ್ಷಗಳ ನಂತರವೂ ಕಾಮಾಲೆ ಬರಬಹುದು. ಹಿಂದೆ ಗಡ್ಡೆಯೊಳಗಿನ ಹುಳು ಕೊಲ್ಲಲು ಫಾರ್ಮಲಿನ್ ಹಾಕುವುದಿತ್ತು. ಅದು ಪಿತ್ತನಾಳಗಳಿಗೆ ಸೇರಿ ನಾಳಗಳೇ ಗಟ್ಟಿಯಾಗಿ ಕಿರಿದಾಗುತ್ತವೆಂದು ತಿಳಿದ ಮೇಲೆ ಬಿಟ್ಟರು. ಈಗಲೂ ಪಿತ್ತನಾಳಕ್ಕೆ ದಾರಿ ಇದೆಯೆಂದು ಕಂಡರೆ ಗಡ್ಡೆಯೊಳಗೆ ಹುಳು ಕೊಲ್ಲುವ ಔಷಧಿ ಹಾಕುವುದಿಲ್ಲ. ಬಹಳ ಹಿಂದೆ ಆಪರೇಷನ್ ಆಗಿದ್ದವರು ಈಗ ಕಾಮಾಲೆಯೆಂದು ವೈದ್ಯರ ಬಳಿ ಹೋದಾಗ ಹಳೆಯ ಆಪರೇಷನ್ನಿನ ವಿಷಯವನ್ನು ಮರೆಯದೆ ಹೇಳಬೇಕು.

ತಪ್ಪು ಕಲ್ಪನೆ: “ಆಲ್ಬೆಂಡಜೋಲ್ ಅಂದರೆ ಶಾಲೆಯಲ್ಲಿ ಮಕ್ಕಳಿಗೆ ಕೊಡುವ ಜಂತುಹುಳುವಿನ ಮಾತ್ರೆ. ಒಂದು ನುಂಗಿದರೆ ಮುಗಿಯಿತು.”

ವಾಸ್ತವ: ಔಷಧಿ ಅದೇ, ಕೆಲಸ ಬೇರೆ. ಕರುಳಿನಲ್ಲಿರುವ ಜಂತುಹುಳುವಿಗೆ 400 ಮಿಲಿಗ್ರಾಂನ ಒಂದು ಮಾತ್ರೆ ಸಾಕು. ಹೈಡಾಟಿಡ್‌ನಲ್ಲಿ ಔಷಧಿ ರಕ್ತಕ್ಕೆ ಸೇರಿ, ಲಿವರ್ ತಲುಪಿ, ಗಡ್ಡೆಯ ಗೋಡೆ ದಾಟಬೇಕು. ಅದಕ್ಕೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 10ರಿಂದ 15 ಮಿಲಿಗ್ರಾಂ ಲೆಕ್ಕದಲ್ಲಿ, ದಿನಕ್ಕೆ 800 ಮಿಲಿಗ್ರಾಂ ಮೀರದಂತೆ, ಎರಡು ಹೊತ್ತಿಗೆ ಹಂಚಿ ಕೊಡುತ್ತಾರೆ. ಆಪರೇಷನ್ನಿಗೆ ಮುಂಚೆಯೇ ಶುರುಮಾಡಿ, ನಂತರ ಕನಿಷ್ಠ ಒಂದು ತಿಂಗಳು, ನೀರು ಚೆಲ್ಲಿದ್ದರೆ ಇನ್ನೂ ಕೆಲವು ತಿಂಗಳು ಮುಂದುವರಿಸುತ್ತಾರೆ. ಚೆಲ್ಲಿಹೋದ ಎಳೆಹುಳುಗಳು ಬೇರೂರದಂತೆ ತಡೆಯುವುದು ಇದರ ಗುರಿ.

ಇಷ್ಟು ದಿನ ತೆಗೆದುಕೊಳ್ಳುವ ಮಾತ್ರೆಗೆ ಕಾವಲೂ ಬೇಕು. ಲಿವರ್ ಎಂಜೈಮ್ ಏರಬಹುದು, ಬಿಳಿ ರಕ್ತಕಣ ಇಳಿಯಬಹುದು, ಕೂದಲು ಉದುರಬಹುದು. ಅದಕ್ಕೆ ಮೊದಮೊದಲು ಎರಡು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ರಕ್ತಪರೀಕ್ಷೆ ಮಾಡಿಸುತ್ತಾರೆ. ಕೂದಲು ಉದುರಿದ ಭಯಕ್ಕೆ ಯಾರಿಗೂ ಹೇಳದೆ ಮಾತ್ರೆ ಬಿಡುವ ಹೆಣ್ಣುಮಕ್ಕಳಿದ್ದಾರೆ. ಆ ಕೂದಲು ಮಾತ್ರೆ ನಿಂತ ಮೇಲೆ ಮತ್ತೆ ಬೆಳೆಯುತ್ತದೆ. ಗರ್ಭಿಣಿಯಾಗಿದ್ದರೆ ಅಥವಾ ಮಗುವಿನ ಯೋಚನೆಯಿದ್ದರೆ ಮಾತ್ರ ಮೊದಲೇ ಹೇಳಲೇಬೇಕು, ಏಕೆಂದರೆ ಗರ್ಭದ ಮೊದಲ ತಿಂಗಳುಗಳಲ್ಲಿ ಈ ಔಷಧಿ ಕೊಡುವುದಿಲ್ಲ.

ತಪ್ಪು ಕಲ್ಪನೆ: “ಲಿವರ್ ಆಪರೇಷನ್ ಆದವರು ಎಣ್ಣೆ, ತುಪ್ಪ ಮುಟ್ಟಬಾರದು, ಬದನೆ, ಮೊಟ್ಟೆ, ಬೇಳೆ ಎಲ್ಲ ನಂಜು.”

ವಾಸ್ತವ: ಪ್ರೀತಿಯಿಂದಲೇ ಮಾಡುವ ಈ ಪಥ್ಯ ಎರಡು ಕಡೆಯಿಂದ ಹೊಡೆತ ಕೊಡುತ್ತದೆ. ಬರೀ ಗಂಜಿಯಲ್ಲಿ ಗಾಯ ಮಾಯಲು ಬೇಕಾದ ಪ್ರೊಟೀನ್ ಸಿಗುವುದಿಲ್ಲ. ಮೇಲಾಗಿ ಆಲ್ಬೆಂಡಜೋಲ್ ಖಾಲಿ ಹೊಟ್ಟೆಯಲ್ಲಿ ರಕ್ತಕ್ಕೆ ಸೇರುವುದೇ ಕಡಿಮೆ. ಜಿಡ್ಡಿರುವ ಊಟದ ಜೊತೆ ತೆಗೆದುಕೊಂಡರೆ ಐದು ಪಟ್ಟಿನವರೆಗೂ ಹೆಚ್ಚು ಹೀರಿಕೆಯಾಗುತ್ತದೆ. ಮಾತ್ರೆಯ ಹೊತ್ತಿಗೆ ತುಪ್ಪ ಹಾಕಿದ ಅನ್ನವೋ, ಕಡಲೆಬೀಜದ ಚಟ್ನಿಯ ಜೊತೆ ರೊಟ್ಟಿಯೋ, ಕೆನೆ ಹಾಲೋ ಇರಲಿ. ಬೇಳೆ, ಮೊಟ್ಟೆ, ಕಾಳುಗಳಿಂದ ಗಾಯ ಕೀವಾಗುವುದಿಲ್ಲ. ಸಕ್ಕರೆ ಕಾಯಿಲೆಯೋ ಬೇರೆ ತೊಂದರೆಯೋ ಇದ್ದವರು ತಮ್ಮ ವೈದ್ಯರು ಹೇಳಿದಂತೆ ನಡೆಯಲಿ.

ತಪ್ಪು ಕಲ್ಪನೆ: “ಸ್ಕ್ಯಾನ್‌ನಲ್ಲಿ ಇನ್ನೂ ಗಡ್ಡೆ ಇದೆ, ರಕ್ತದಲ್ಲಿ ಪಾಸಿಟಿವ್ ಇದೆ. ಮತ್ತೆ ಬಂದುಬಿಟ್ಟಿದೆ.”

ವಾಸ್ತವ: ದೊಡ್ಡ ಬಂಡೆ ಕಿತ್ತ ಹೊಲದಲ್ಲಿ ಗುಂಡಿ ಉಳಿಯುವಂತೆ ಲಿವರ್‌ನಲ್ಲೂ ಗಡ್ಡೆಯಿದ್ದ ಜಾಗ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಕಾಣುತ್ತದೆ. ಕೊಬ್ಬಿನ ಪರದೆ ತುಂಬಿಸಿದ್ದರಂತೂ ಸ್ಕ್ಯಾನ್ ಮಾಡುವವರಿಗೂ ಗೊಂದಲವಾಗಬಹುದು. ಆಪರೇಷನ್ ವಿವರವಿರುವ ಕಾಗದ ಅಲ್ಲಿ ಕೈಯಲ್ಲಿರಬೇಕು ಎಂದದ್ದು ಇದಕ್ಕೇ. ವೈದ್ಯರು ನೋಡುವುದು ಬದಲಾವಣೆಯನ್ನು: ಹಿಂದಿನ ಸಲಕ್ಕಿಂತ ಜಾಗ ಕುಗ್ಗುತ್ತಿದೆಯೇ, ಹಿಗ್ಗುತ್ತಿದೆಯೇ? ಒಳಗೆ ಮರಿಗುಳ್ಳೆ ಕಾಣುತ್ತಿವೆಯೇ? ಹಾಗಾಗಿ ಹಳೆಯ ಸ್ಕ್ಯಾನ್‌ಗಳನ್ನು ಎಸೆಯಬೇಡಿ. ಅನುಮಾನ ಉಳಿದರೆ ಎಂಆರ್‌ಐ ನೆರವಿಗೆ ಬರುತ್ತದೆ. ರಕ್ತದಲ್ಲಿನ ಪ್ರತಿಕಾಯಗಳು ಹುಳು ಹೋದ ಮೇಲೂ ವರ್ಷಾನುಗಟ್ಟಲೆ ಉಳಿಯಬಲ್ಲವು. ಒಂದು ಪಾಸಿಟಿವ್ ವರದಿ ನೋಡಿ ಮತ್ತೊಂದು ಆಪರೇಷನ್ನಿಗೆ ದುಡ್ಡು ಹೊಂದಿಸಲು ಹೊರಡಬೇಡಿ.

ತಪ್ಪು ಕಲ್ಪನೆ: “ಎರಡು ವರ್ಷ ಏನೂ ಆಗಲಿಲ್ಲ, ಇನ್ನೇಕೆ ಚೆಕಪ್?”

ವಾಸ್ತವ: ಈ ಗಡ್ಡೆ ನಿಧಾನವಾಗಿ ಬೆಳೆಯುತ್ತದೆ. ಚೆಲ್ಲಿದ ಎಳೆಹುಳು ಸ್ಕ್ಯಾನ್‌ಗೆ ಕಾಣುವಷ್ಟಾಗಲು ವರ್ಷಗಳೇ ಹಿಡಿಯಬಹುದು. ಹತ್ತು ವರ್ಷದ ನಂತರ ಮರುಕಳಿಸಿದ್ದೂ ಉಂಟು. ಮೊದಲ ವರ್ಷಗಳಲ್ಲಿ ಮೂರರಿಂದ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ, ಐದು ವರ್ಷವಾದರೂ ಅಲ್ಟ್ರಾಸೌಂಡ್ ಬೇಕು. ಅದಕ್ಕೆ ಸೂಜಿಯಿಲ್ಲ, ನೋವಿಲ್ಲ, ವಿಕಿರಣವೂ ಇಲ್ಲ. ಮರಳಿ ಬಂದ ಗಡ್ಡೆ ಸಣ್ಣದಿರುವಾಗ ಸಿಕ್ಕರೆ ಕೆಲವರಿಗೆ ಮಾತ್ರೆಯಲ್ಲೇ ಮುಗಿಯುತ್ತದೆ. ಕೆಲವರಿಗೆ ಸೂಜಿಯಿಂದ ನೀರು ತೆಗೆದು, ಔಷಧಿ ತುಂಬಿ, ಮತ್ತೆ ಹೀರುವ ಪೇರ್ ವಿಧಾನದಲ್ಲಿ ಗುಣವಾಗುತ್ತದೆ. ಮತ್ತೆ ಹೊಟ್ಟೆ ತೆರೆದರೆ ಹಳೆಯ ಅಂಟುಗಳ ನಡುವೆ ಕೆಲಸ ಮಾಡಬೇಕು, ಅದು ಮೊದಲ ಆಪರೇಷನ್ನಿಗಿಂತ ಕಷ್ಟ.

ತಪ್ಪು ಕಲ್ಪನೆ: “ರೋಗಿಯ ತಟ್ಟೆ-ಲೋಟ ಬೇರೆ ಇಡಬೇಕು, ಮಗುವನ್ನು ಹತ್ತಿರ ಮಲಗಿಸಬಾರದು.”

ವಾಸ್ತವ: ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಗಾಯ ಮುಟ್ಟಿದರೂ, ಪೈಪಿನ ಚೀಲ ಖಾಲಿ ಮಾಡಿದರೂ ಮನೆಯವರಿಗೆ ಈ ಹುಳು ಬರುವುದಿಲ್ಲ. ಕೈ ತೊಳೆಯಬೇಕಾದದ್ದು ಗಾಯಕ್ಕೆ ಬೇರೆ ಸೋಂಕು ತಗುಲದಿರಲಿ ಎಂದು.

ತಪ್ಪು ಕಲ್ಪನೆ: “ಮಟನ್ ತಿಂದದ್ದಕ್ಕೇ ಬಂದದ್ದು. ಬಿಟ್ಟರೆ ಮತ್ತೆ ಬರುವುದಿಲ್ಲ. ಮನೆಯ ನಾಯಿಯನ್ನು ಓಡಿಸಿಬಿಡಬೇಕು.”

ವಾಸ್ತವ: ಮಾಂಸ ತಿಂದು ಮನುಷ್ಯರಿಗೆ ಹೈಡಾಟಿಡ್ ಬರುವುದಿಲ್ಲ. ಜೀವಮಾನದಲ್ಲಿ ಮಾಂಸ ಮುಟ್ಟದವರಿಗೂ ಇದು ಬಂದಿದೆ. ಕುರಿಯ ಲಿವರ್‌ನಲ್ಲಿರುವ ನೀರ್ಗುಳ್ಳೆ ಅಪಾಯ ತರುವುದು ಅದನ್ನು ಹಸಿಯಾಗಿ ತಿನ್ನುವ ನಾಯಿಯ ಮೂಲಕ. ಜಾತ್ರೆಯಲ್ಲಿ, ಮನೆಯ ಹರಕೆಯಲ್ಲಿ ಕುರಿ ಕಡಿದಾಗ ಗುಳ್ಳೆ ಕಂಡ ಲಿವರ್, ಶ್ವಾಸಕೋಶವನ್ನು ಕೆಟ್ಟದ್ದೆಂದು ನಾಯಿಗೆ ಎಸೆಯುವುದು ವಾಡಿಕೆ. ಹುಳುವಿನ ಸುತ್ತು ಪೂರ್ತಿಯಾಗುವುದು ಆ ಒಂದು ಎಸೆತದಲ್ಲಿ. ಎಸೆಯುವ ಬದಲು ಆಳವಾಗಿ ಹೂಳಬೇಕು ಅಥವಾ ಸುಡಬೇಕು.

ಆಪರೇಷನ್ ಆದವರಿಗೆ ಈ ಹುಳುವಿನ ವಿರುದ್ಧ ಶಾಶ್ವತ ರಕ್ಷಣೆಯೇನೂ ಬಂದಿರುವುದಿಲ್ಲ. ಅದೇ ಅಂಗಳ, ಅದೇ ನಾಯಿ, ಅದೇ ಅಭ್ಯಾಸವಿದ್ದರೆ ಹೊಸ ಸೋಂಕು ತಗುಲಬಹುದು. ಇದನ್ನು ನಿಲ್ಲಿಸಲು ಸಾಧ್ಯವೆಂದು ತೋರಿಸಿದ ದೇಶ ಐಸ್‌ಲ್ಯಾಂಡ್. ಕುರಿ ಸಾಕಣೆಯ ಆ ದ್ವೀಪದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಈ ರೋಗ ಮನೆಮನೆಯ ಸಂಕಟವಾಗಿತ್ತು. ಡೆನ್ಮಾರ್ಕಿನ ಹರಾಲ್ಡ್ ಕ್ರಾಬೆ 1863ರಲ್ಲಿ ಅಲ್ಲಿಗೆ ಹೋಗಿ ನಾಯಿಗಳನ್ನು ಪರೀಕ್ಷಿಸಿ ಹುಳುವಿನ ದಾರಿಯನ್ನು ತೋರಿಸಿಕೊಟ್ಟರು. ಜನರಿಗೆ ತಿಳಿಹೇಳುವ ಪುಸ್ತಿಕೆ ಹಂಚಿದರು, ನಾಯಿಗಳಿಗೆ ಹುಳುವಿನ ಔಷಧಿ ಕೊಡಿಸಿದರು, ಕುರಿಯ ಹಸಿ ಒಳಾಂಗ ನಾಯಿಗೆ ಸಿಗದಂತೆ ಮಾಡಿದರು. ಅಲ್ಲಿಂದ ರೋಗ ಇಳಿಯುತ್ತ ಬಂದು ಕೊನೆಗೆ ದ್ವೀಪದಿಂದಲೇ ಮಾಯವಾಯಿತು. ಆಗ ಇಲ್ಲದಿದ್ದ ಪ್ರಾಜಿಕ್ವಾಂಟೆಲ್ ಎಂಬ ಒಳ್ಳೆಯ ಮಾತ್ರೆ ಈಗ ನಮಗಿದೆ, ಪಶುವೈದ್ಯರ ಬಳಿ ಸಿಗುತ್ತದೆ. ಕುರಿಹಿಂಡಿನ ನಾಯಿಗೆ ವರ್ಷಕ್ಕೆ ಕನಿಷ್ಠ ನಾಲ್ಕು ಸಲ ಕೊಡಬೇಕು. ಕೊಟ್ಟ ನಂತರ ಒಂದೆರಡು ದಿನ ನಾಯಿಯನ್ನು ಕಟ್ಟಿಹಾಕಿ ಅದರ ಮಲವನ್ನು ಹೂಳಬೇಕು, ಏಕೆಂದರೆ ಮಾತ್ರೆ ಹುಳುವನ್ನು ಕೊಂದರೂ ಮೊಟ್ಟೆಯನ್ನು ಕೊಲ್ಲುವುದಿಲ್ಲ. ನಾಯಿಯನ್ನು ಓಡಿಸಿದರೆ ಅದು ಊರ ಬೀದಿಯಲ್ಲಿ ಅದೇ ಮೊಟ್ಟೆ ಹಾಕುತ್ತ ತಿರುಗುತ್ತದೆ. ಮನೆಯಲ್ಲಿ ಒಬ್ಬರಿಗೆ ಗಡ್ಡೆ ಸಿಕ್ಕಿದ್ದರೆ ಅದೇ ಅಂಗಳದಲ್ಲಿ ಆಡಿ ಬೆಳೆದ ಉಳಿದವರೂ ಒಮ್ಮೆ ಹೊಟ್ಟೆಯ ಸ್ಕ್ಯಾನ್ ಮಾಡಿಸಿಕೊಳ್ಳಲಿ.